ಕಲಿಸುವವರಿದ್ದರೆ ಮನೆಯಲ್ಲೇ ಡಯಾಲಿಸಿಸ್

ಎರಡೂ ಕಿಡ್ನಿ ಕೈಕೊಟ್ಟಿವೆ, ಇನ್ನು ಡಯಾಲಿಸಿಸ್ ಮಾಡಿಸಲೇಬೇಕು ಎಂದು ವೈದ್ಯರು ಹೇಳಿದೊಡನೆ ಮನೆಯವರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಆಸ್ಪತ್ರೆಯ ಹಾಲ್, ಸಾಲು ಮಂಚಗಳು, ಒಂದೊಂದು ಮಂಚದ ಪಕ್ಕದಲ್ಲೂ ಒಂದೊಂದು ಯಂತ್ರ, ತೋಳಿಗೆ ಚುಚ್ಚಿದ ಎರಡು ದಪ್ಪ ಸೂಜಿ, ಮಲಗಿದಲ್ಲೇ ಕಳೆಯಬೇಕಾದ ನಾಲ್ಕು ಗಂಟೆ. ವಾರಕ್ಕೆ ಮೂರು ಸಲ ಹೀಗೆ ಆಗಬೇಕು. ನಮ್ಮಲ್ಲಿ ಬಹಳ ಮಂದಿಗೆ ಎರಡೇ ಸಲ ಆಗುತ್ತದೆ. ಹೋಗಿಬರುವ ದಾರಿ, ಸರದಿ ಕಾಯುವುದು, ಮುಗಿದ ಮೇಲಿನ ಸುಸ್ತು ಎಲ್ಲ ಸೇರಿದರೆ ಒಂದು ದಿನ ಪೂರ್ತಿ ಹೋದಂತೆಯೇ. ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ದೇಶದಲ್ಲಿ ವರ್ಷಕ್ಕೆ ಸುಮಾರು 2.2 ಲಕ್ಷ ಜನ ಹೊಸದಾಗಿ ಈ ಹಂತ ತಲುಪುತ್ತಾರೆ, ಅವರಿಗಾಗಿ ವರ್ಷಕ್ಕೆ 3.4 ಕೋಟಿ ಸಲ ಹೆಚ್ಚುವರಿಯಾಗಿ ಡಯಾಲಿಸಿಸ್ ನಡೆಸಬೇಕಾಗುತ್ತದೆ ಎಂಬುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಂದಾಜು. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರಗಳು ಬಂದವು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತ ಡಯಾಲಿಸಿಸ್ ಸಿಗುತ್ತಿದೆ. ಇದರಿಂದ ಉಳಿದ ಜೀವಗಳು ಬಹಳ. ಆದರೆ ಇದೊಂದೇ ದಾರಿ ಎಂಬ ನಂಬಿಕೆಯೂ ಇದರ ಜೊತೆಗೇ ಬೆಳೆದುಬಿಟ್ಟಿತು. ಇನ್ನೊಂದು ದಾರಿ ಇದೆ, ಅದು ಮನೆಯೊಳಗೇ ನಡೆಯುವಂಥದು. ಆ ದಾರಿಯಲ್ಲಿ ನಮ್ಮವರು ಹೋಗದಿರುವುದು ಅವರ ಕೈಲಾಗುವುದಿಲ್ಲ ಎಂಬ ಕಾರಣಕ್ಕಲ್ಲ. ಅದನ್ನು ರೋಗಿಗೆ ಕಲಿಸುವವರಿಲ್ಲ, ಕಲಿಸಬೇಕಾದ ನರ್ಸಿಗೂ ಯಾರೂ ಸರಿಯಾಗಿ ಕಲಿಸಿಲ್ಲ.

ಮನೆಯ ಡಯಾಲಿಸಿಸ್‌ನಲ್ಲಿ ಎರಡು ಬಗೆ. ಆಸ್ಪತ್ರೆಯಲ್ಲಿರುವಂಥ ರಕ್ತ ಶುದ್ಧಿಯ ಯಂತ್ರವನ್ನೇ ಮನೆಯಲ್ಲಿಟ್ಟುಕೊಳ್ಳುವುದು ಒಂದು. ಅದಕ್ಕೆ ಪ್ರತಿ ಸಲವೂ ಸುಮಾರು 120 ಲೀಟರಿನಷ್ಟು ಚೆನ್ನಾಗಿ ಶುದ್ಧ ಮಾಡಿದ ನೀರು ಬೇಕು, ತಪ್ಪದ ಕರೆಂಟ್ ಬೇಕು. ನಮ್ಮಲ್ಲಿ ಅದು ಕೆಲವರಿಗಷ್ಟೇ ಸಾಧ್ಯ. ಇನ್ನೊಂದು ಪೆರಿಟೋನಿಯಲ್ ಡಯಾಲಿಸಿಸ್, ಅಂದರೆ ಹೊಟ್ಟೆಯ ಮೂಲಕ ಮಾಡುವಂಥದು. ನಮ್ಮ ಕರುಳನ್ನು ಸುತ್ತುವರಿದು ಒಂದು ತೆಳು ಪೊರೆ ಇದೆ. ಅದರ ತುಂಬ ಸಣ್ಣ ಸಣ್ಣ ರಕ್ತನಾಳಗಳು. ಹೊಕ್ಕುಳ ಹತ್ತಿರ ಒಂದು ಮೆತ್ತನೆಯ ಕೊಳವೆಯನ್ನು ಕೂರಿಸಿ, ಅದರ ಮೂಲಕ ಸುಮಾರು ಎರಡು ಲೀಟರ್ ಸಕ್ಕರೆ ಬೆರೆತ ದ್ರಾವಣವನ್ನು ಹೊಟ್ಟೆಯೊಳಗೆ ಬಿಟ್ಟರೆ, ರಕ್ತದಲ್ಲಿರುವ ಕಲ್ಮಶವೂ ಹೆಚ್ಚಿನ ನೀರೂ ಆ ಪೊರೆಯನ್ನು ದಾಟಿ ದ್ರಾವಣಕ್ಕೆ ಇಳಿಯುತ್ತವೆ. ನಾಲ್ಕರಿಂದ ಆರು ಗಂಟೆ ಬಿಟ್ಟು ಅದನ್ನು ಹೊರಗೆ ಹರಿಸಿ, ಹೊಸದನ್ನು ತುಂಬಿಕೊಳ್ಳಬೇಕು. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲಕ್ಕೆ ಅರ್ಧ ಗಂಟೆ. ನಡುವೆ ಅಡುಗೆ ಮಾಡಬಹುದು, ಅಂಗಡಿಯಲ್ಲಿ ಕೂರಬಹುದು, ಪಾಠ ಹೇಳಬಹುದು. ಸೂಜಿಯಿಲ್ಲ, ಕರೆಂಟೂ ಬೇಕಿಲ್ಲ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋಗಿ ದಾರಿಗೆ ಮರ ಬೀಳುವ ಮಲೆನಾಡಿನ ಒಂಟಿಮನೆಯಲ್ಲೂ ಇದು ನಡೆಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಯಂತ್ರದ ಡಯಾಲಿಸಿಸ್‌ಗೆ ಹೋಗಬೇಕಾದವರು ವಾಹನವಿಲ್ಲದೆ, ಪಾಸಿಲ್ಲದೆ ಪಟ್ಟ ಪಾಡನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ದೇಹದ ದೃಷ್ಟಿಯಿಂದಲೂ ಒಂದು ಅನುಕೂಲವಿದೆ. ಕಿಡ್ನಿ ವಾರದ 168 ಗಂಟೆಯೂ ಕೆಲಸ ಮಾಡುವ ಅಂಗ. ಆಸ್ಪತ್ರೆಯ ಯಂತ್ರ ಮಾಡುವುದು ಹೆಚ್ಚೆಂದರೆ 12 ಗಂಟೆ. ಎರಡು ದಿನದ ಬಿಡುವಿನ ಮಾರನೆಯ ದಿನ ಡಯಾಲಿಸಿಸ್ ರೋಗಿಗಳ ಸಾವು ಹೆಚ್ಚು ಎಂಬುದನ್ನು 2011ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಕಂಡುಕೊಂಡಿತು. ಹೊಟ್ಟೆಯ ಡಯಾಲಿಸಿಸ್ ದಿನವೂ ನಡೆಯುವುದರಿಂದ ಅಂಥ ಬಿಡುವೇ ಇರುವುದಿಲ್ಲ.

ಮನೆಯಲ್ಲಿ ಡಯಾಲಿಸಿಸ್ ಎನ್ನುವುದು ಮೊನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. ದೀರ್ಘಕಾಲದ ಡಯಾಲಿಸಿಸ್ ಶುರುವಾದದ್ದೇ 1960ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರಿಂದ. ಯಂತ್ರಗಳು ಕೆಲವೇ ಇದ್ದವು, ಯಾರಿಗೆ ಕೊಡಬೇಕೆಂದು ಸಮಿತಿಯೊಂದು ತೀರ್ಮಾನಿಸುತ್ತಿತ್ತು. ಹಾಗೆ ಸಮಿತಿ ಕೈಬಿಟ್ಟ ಒಬ್ಬ ಹದಿಹರೆಯದ ಹುಡುಗಿಗಾಗಿ 1964ರಲ್ಲಿ ಅಲ್ಲಿನ ಎಂಜಿನಿಯರುಗಳು ಕೆಲವೇ ತಿಂಗಳಲ್ಲಿ ಮನೆಯಲ್ಲಿಡುವ ಯಂತ್ರವನ್ನು ತಯಾರಿಸಿದರು. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಸ್ಟ್ಯಾನ್ಲಿ ಶಾಲ್ಡನ್ ಎಂಬ ವೈದ್ಯರು ರೋಗಿಗಳಿಗೇ ಯಂತ್ರ ನಡೆಸಲು ಕಲಿಸುತ್ತಿದ್ದರು. ಈಗಿನ ಯಂತ್ರಗಳ ಹಾಗೆ ತಪ್ಪಾದರೆ ತಾವೇ ಎಚ್ಚರಿಸುವ ಜಾಣತನ ಅವಕ್ಕೆ ಅಷ್ಟಾಗಿ ಇರಲಿಲ್ಲ. ಆದರೂ 1970ರ ದಶಕದ ಆರಂಭದಲ್ಲಿ ಅಮೆರಿಕದ ಡಯಾಲಿಸಿಸ್ ರೋಗಿಗಳಲ್ಲಿ ಹತ್ತಿರ ಹತ್ತಿರ ಶೇಕಡಾ 40 ಮಂದಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. 1973ರಲ್ಲಿ ಸರ್ಕಾರವೇ ಎಲ್ಲರ ಡಯಾಲಿಸಿಸ್ ಖರ್ಚು ಹೊರುವ ಕಾನೂನು ಜಾರಿಗೆ ಬಂತು. ಊರೂರಿಗೆ ಕೇಂದ್ರಗಳು ತಲೆಯೆತ್ತಿದವು, ಮನೆಯ ಡಯಾಲಿಸಿಸ್ ಕುಸಿಯುತ್ತಾ ಹೋಯಿತು. ವಯಸ್ಸಾದವರೂ ಸಕ್ಕರೆ ಕಾಯಿಲೆಯವರೂ ಹೆಚ್ಚಾಗಿ ಬಂದದ್ದು ಇದಕ್ಕೆ ಒಂದು ಕಾರಣ, ನಿಜ. ಆದರೆ ಕೇಂದ್ರದಲ್ಲಿ ಮಾಡಿದ್ದಕ್ಕೆ ದುಡ್ಡು ಸಿಗುತ್ತದೆ, ಕಲಿಸಿ ಮನೆಗೆ ಕಳಿಸಿದ್ದಕ್ಕೆ ಸಿಗುವುದಿಲ್ಲ ಎಂದಾದಾಗ ಕಲಿಸುವ ಉಮೇದು ಎಲ್ಲಿಂದ ಬರಬೇಕು? ಕಲಿಯುವ ಶಕ್ತಿ ಜನರಲ್ಲಿ ಇದ್ದೇ ಇತ್ತು. ಕಲಿಸುವ ಏರ್ಪಾಡು ಮಾತ್ರ ಕರಗಿಹೋಯಿತು. 2019ರಲ್ಲಿ ಅಲ್ಲಿನ ಸರ್ಕಾರ ಎಚ್ಚೆತ್ತು, 2025ರ ಹೊತ್ತಿಗೆ ಹೊಸ ರೋಗಿಗಳಲ್ಲಿ ಶೇಕಡಾ 80ರಷ್ಟು ಮಂದಿ ಮನೆಯ ಡಯಾಲಿಸಿಸ್ ಇಲ್ಲವೇ ಕಿಡ್ನಿ ಕಸಿ ಪಡೆಯಬೇಕೆಂಬ ಗುರಿ ಹಾಕಿಕೊಂಡಿತು. ಅದರ ಹತ್ತಿರಕ್ಕೂ ಬರಲಾಗಲಿಲ್ಲ. ಕಳೆದುಕೊಂಡ ಏರ್ಪಾಡು ಒಂದು ಆದೇಶದಿಂದ ಮರಳಿ ಬರುವುದಿಲ್ಲ.

ಕಲಿಸಿದರೆ ನಿಜಕ್ಕೂ ವ್ಯತ್ಯಾಸ ಆಗುತ್ತದೆಯೇ? ಕೆನಡಾದ ಕ್ಯಾಲ್ಗರಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತು. ಕಿಡ್ನಿ ಕ್ಷೀಣಿಸುತ್ತಿದ್ದ ಸುಮಾರು 70 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಂದಿನ ಕ್ಲಿನಿಕ್ ಸಲಹೆ. ಇನ್ನೊಂದಕ್ಕೆ ಅದರ ಜೊತೆಗೆ ಪುಸ್ತಿಕೆ, ವಿಡಿಯೊ ಮತ್ತು ಸಣ್ಣ ಗುಂಪಿನಲ್ಲಿ ಕೂತು ಮಾತಾಡುವ ಅವಕಾಶ. ಕೊನೆಗೆ ಕೇಳಿದಾಗ ಮೊದಲ ಗುಂಪಿನಲ್ಲಿ ಅರ್ಧದಷ್ಟು ಜನ ತಾವೇ ಮಾಡಿಕೊಳ್ಳುವ ಡಯಾಲಿಸಿಸ್ ಆರಿಸಿಕೊಳ್ಳುತ್ತೇವೆ ಎಂದರು. ಎರಡನೆಯದರಲ್ಲಿ ಶೇಕಡಾ 82 ಮಂದಿ. ಮನಸ್ಸು ಮಾಡುವುದು ಬೇರೆ, ಮಾಡಿ ತೋರಿಸುವುದು ಬೇರೆ ಎಂದು ಇಲ್ಲಿ ಆಕ್ಷೇಪ ಎತ್ತಬಹುದು. ಆಕ್ಷೇಪ ಸರಿಯಾದದ್ದೇ. ಆದರೆ ಮನಸ್ಸು ಮಾಡುವುದಕ್ಕೂ ಮೊದಲು ಹೀಗೊಂದು ದಾರಿ ಇದೆ ಎಂದು ಗೊತ್ತಾಗಬೇಕಲ್ಲ. ನಮ್ಮಲ್ಲಿ ತಪ್ಪುವುದು ಅಲ್ಲೇ. ಬಹಳ ರೋಗಿಗಳು ಕಿಡ್ನಿ ತಜ್ಞರ ಮುಖವನ್ನು ಮೊದಲ ಬಾರಿ ನೋಡುವುದೇ ಉಸಿರು ಕಟ್ಟಿ, ಕಾಲು ಮುಖ ಊದಿಕೊಂಡು ತುರ್ತು ವಿಭಾಗಕ್ಕೆ ಬಂದಾಗ. ಕತ್ತಿಗೆ ತಾತ್ಕಾಲಿಕ ಕೊಳವೆ ಹಾಕಿ ಅವತ್ತೇ ಡಯಾಲಿಸಿಸ್ ಶುರುವಾಗುತ್ತದೆ, ಜೀವವೂ ಉಳಿಯುತ್ತದೆ. ಆಮೇಲೆ ಅದೇ ಅಭ್ಯಾಸವಾಗಿ ಮುಂದುವರಿಯುತ್ತದೆ. ರಕ್ತದಲ್ಲಿ ವಿಷ ಏರಿದಾಗ ಮೆದುಳೂ ಮಂಕಾಗಿರುತ್ತದೆ. ಆ ಹೊತ್ತಿನಲ್ಲಿ ಹೇಳಿದ್ದು ತಲೆಗೆ ಹತ್ತುವುದಿಲ್ಲ. ಆದ್ದರಿಂದ ಕಲಿಸುವ ಕೆಲಸ ರಕ್ತದಲ್ಲಿ ಕ್ರಿಯಾಟಿನೈನ್ ಎಂಬ ಕಲ್ಮಶ ಏರುತ್ತಿದೆ ಎಂದು ಗೊತ್ತಾದ ದಿನಗಳಲ್ಲೇ, ಡಯಾಲಿಸಿಸ್ ಬೇಕಾಗುವುದಕ್ಕೆ ಹಲವು ತಿಂಗಳ ಮೊದಲೇ ಶುರುವಾಗಬೇಕು. ತುರ್ತಾಗಿ ಬಂದವರಿಗೆ ಚೇತರಿಸಿಕೊಂಡ ಮೇಲೆ ಮತ್ತೊಮ್ಮೆ ಕೂರಿಸಿ ಹೇಳಬೇಕು.

ಇಲ್ಲಿ ಕಲಿಸುವುದೆಂದರೆ ಕರಪತ್ರ ಕೊಟ್ಟು ಕಳಿಸುವುದಲ್ಲ. ದ್ರಾವಣದ ಒಂದು ಬ್ಯಾಗ್ ಬದಲಿಸುವ ಕೆಲಸವನ್ನೇ ಹತ್ತಿರದಿಂದ ನೋಡೋಣ. ಮೊದಲು ಫ್ಯಾನ್ ಆರಿಸಬೇಕು, ಕಿಟಕಿ ಬಾಗಿಲು ಹಾಕಬೇಕು. ಗಾಳಿಯಲ್ಲಿ ಹಾರುವ ಧೂಳು ಕೊಳವೆಯ ಬಾಯಿಗೆ ಕೂರಬಾರದು. ಮೇಜು ಒರೆಸಿ, ಮಾಸ್ಕ್ ಹಾಕಿ, ಬಳೆ ಉಂಗುರ ತೆಗೆದು, ಸೋಪು ಹಚ್ಚಿ ಬೆರಳ ಸಂದಿ, ಉಗುರ ಬುಡ ಎಲ್ಲ ತೊಳೆದು, ಒಗೆದಿಟ್ಟ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಬೇಕು. ಬ್ಯಾಗಿನ ತಾರೀಕು, ದ್ರಾವಣದ ಪ್ರಮಾಣ ನೋಡಿ, ಒತ್ತಿ ಸೋರುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಮುಚ್ಚಳ ತೆಗೆದು ಕೊಳವೆಗೆ ಜೋಡಿಸುವ ಆ ಕೆಲವು ಕ್ಷಣವೇ ಇಡೀ ವಿದ್ಯೆಯ ತಿರುಳು: ತೆರೆದ ಬಾಯಿಗೆ ಬೆರಳು ತಾಕಿತೋ, ಅದನ್ನು ಬಳಸುವ ಹಾಗಿಲ್ಲ. ಹೊಟ್ಟೆಯ ಹಳೆ ನೀರು ಕೆಳಗಿನ ಖಾಲಿ ಬ್ಯಾಗಿಗೆ ಇಳಿದ ಮೇಲೆ, ಹೊಸ ದ್ರಾವಣವನ್ನು ಐದು ಎಣಿಸುವಷ್ಟು ಹೊತ್ತು ಕೊಳವೆಯಲ್ಲೇ ಹರಿಸಿ ತೊಳೆದು, ಆಮೇಲೆ ಹೊಟ್ಟೆಗೆ ಬಿಡಬೇಕು. ಕೊನೆಗೆ ಹೊರಬಂದ ನೀರಿನ ಬ್ಯಾಗನ್ನು ದಿನಪತ್ರಿಕೆಯ ಮೇಲಿಟ್ಟು ನೋಡಬೇಕು. ಬ್ಯಾಗಿನ ಆಚೆಯ ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಸರಿ. ಗಂಜಿನೀರಿನ ಹಾಗೆ ಮಸುಕಾಗಿದ್ದರೆ ಸೋಂಕಿರಬಹುದು, ಬ್ಯಾಗನ್ನು ಚೆಲ್ಲದೆ ಹಾಗೇ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಬೇಕು. ಇದರಲ್ಲಿ ಯಾವ ಹೆಜ್ಜೆಯೂ ಕಷ್ಟದ್ದಲ್ಲ. ಹಿಟ್ಟು ನಾದುವ, ಹಾಲು ಕರೆಯುವ, ಹೊಲಿಗೆ ಯಂತ್ರಕ್ಕೆ ದಾರ ಪೋಣಿಸುವ ಕೈಗೆ ಇದು ಖಂಡಿತ ಒಗ್ಗುತ್ತದೆ. ಆದರೆ ಕೈಗೆ ಹತ್ತುವ ತನಕ ಪಕ್ಕದಲ್ಲಿ ಕೂತು ಮಾಡಿಸುವವರು ಬೇಕು. ಅಂತರರಾಷ್ಟ್ರೀಯ ಪೆರಿಟೋನಿಯಲ್ ಡಯಾಲಿಸಿಸ್ ಸೊಸೈಟಿ ರೂಪಿಸಿರುವ ಪಠ್ಯಕ್ರಮ ಒಬ್ಬ ನರ್ಸ್, ಒಬ್ಬ ರೋಗಿ ಎಂಬ ಲೆಕ್ಕದಲ್ಲಿ ಸುಮಾರು ಐದು ದಿನ, ದಿನಕ್ಕೆ ಕೆಲವು ಗಂಟೆ ಕಲಿಸಬೇಕೆನ್ನುತ್ತದೆ. ಮನೆಗೆ ಹೋಗಿ ನೋಡಬೇಕು, ಕೆಲವು ತಿಂಗಳ ಮೇಲೆ ಮತ್ತೆ ಕಲಿಸಬೇಕು, ಸೋಂಕಾದರಂತೂ ತಪ್ಪದೆ ಮತ್ತೆ ಮೊದಲಿನಿಂದ ಹೇಳಿಕೊಡಬೇಕು ಎಂದೂ ಹೇಳುತ್ತದೆ.

ಈಗ ನರ್ಸಿನ ಮಾತಿಗೆ ಬರೋಣ. ಅನುಭವ ಇರುವ ಸಿಸ್ಟರ್ ಚೆನ್ನಾಗಿ ಕಲಿಸುತ್ತಾರೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಂಗ್‌ಕಾಂಗ್‌ನ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕ ಉತ್ತರ ಇದಕ್ಕೆ ತಿರುಗುಮುರುಗಾಗಿತ್ತು. ಹೆಚ್ಚು ವರ್ಷ ಅನುಭವವಿದ್ದ ನರ್ಸುಗಳ ಕೈಯಲ್ಲಿ ಕಲಿತ ರೋಗಿಗಳಿಗೇ, ಮುಖ್ಯವಾಗಿ ಚರ್ಮದ ಮೇಲಿರುವ ಬಗೆಯ ಬ್ಯಾಕ್ಟೀರಿಯಾದಿಂದ, ಸೋಂಕು ಹೆಚ್ಚು ತಗುಲಿತ್ತು. ಒಂದು ಆಸ್ಪತ್ರೆಯ ಸಣ್ಣ ಅಧ್ಯಯನ ಅದು, ಅದೊಂದರ ಮೇಲೆ ದೊಡ್ಡ ತೀರ್ಪು ಕೊಡಲಾಗದು. ಆದರೂ ಅದು ತೋರಿಸುವ ದಿಕ್ಕು ಮುಖ್ಯ ಎಂದು ನನಗನಿಸುತ್ತದೆ. ಸಾವಿರ ಸಲ ಮಾಡಿದವರ ಕೈಗೆ ಕೆಲಸ ಎಷ್ಟು ಸಲೀಸಾಗಿರುತ್ತದೆಂದರೆ, ಹೊಸಬರು ಎಲ್ಲಿ ಎಡವುತ್ತಾರೆಂಬುದೇ ಅವರಿಗೆ ಮರೆತುಹೋಗಿರುತ್ತದೆ. ಕೆಲಸ ಬಲ್ಲವರೆಲ್ಲ ಕಲಿಸಬಲ್ಲರು ಎಂದಲ್ಲ. ಕಲಿಸುವುದೇ ಒಂದು ಪ್ರತ್ಯೇಕ ವಿದ್ಯೆ. ನಮ್ಮ ಕಡೆಯ ಒಂದು ಸಣ್ಣ ಉದಾಹರಣೆ ನೋಡಿ. 'ಅರ್ಥ ಆಯ್ತಾ?' ಎಂದು ಸಿಸ್ಟರ್ ಕೇಳಿದರೆ, ಅರ್ಥವಾಗಲಿ ಬಿಡಲಿ, ನಮ್ಮ ಹಳ್ಳಿಯ ಹಿರಿಯರು ತಲೆಯಾಡಿಸುತ್ತಾರೆ. ಓದಿದವರ ಮುಂದೆ ಇಲ್ಲ ಎನ್ನಲು ಸಂಕೋಚ. ಕಲಿಸಲು ಕಲಿತ ನರ್ಸ್ ಹಾಗೆ ಕೇಳುವುದಿಲ್ಲ. 'ಯಜಮಾನ್ರೇ, ಮನೆಗೆ ಹೋದ ಮೇಲೆ ನೀರು ಮಸುಕಾಗಿ ಬಂದ್ರೆ ಏನು ಮಾಡ್ತೀರಿ, ನನಗೆ ಹೇಳಿ ನೋಡೋಣ' ಎನ್ನುತ್ತಾರೆ. ಆ ಒಂದು ಪ್ರಶ್ನೆಯಲ್ಲಿ ಯಾವುದು ತಲೆಗೆ ಹೋಗಿದೆ, ಯಾವುದು ಇಲ್ಲ ಎಂಬುದು ಹೊರಬೀಳುತ್ತದೆ. ಇಂಥ ತರಬೇತಿ ನಮ್ಮ ಎಷ್ಟು ನರ್ಸುಗಳಿಗೆ ಸಿಕ್ಕಿದೆ? ಡಯಾಲಿಸಿಸ್ ಘಟಕಗಳು ಹೆಚ್ಚಾಗಿ ತಂತ್ರಜ್ಞರ ಕೈಯಲ್ಲಿ ನಡೆಯುತ್ತವೆ, ಅವರು ಪಳಗಿರುವುದು ಯಂತ್ರದಲ್ಲಿ. ವಾರ್ಡಿನಿಂದ ವಾರ್ಡಿಗೆ ಬದಲಾಗುವ ನರ್ಸ್ ಹೊಟ್ಟೆಯ ಡಯಾಲಿಸಿಸ್ ಕಲಿಯುವಷ್ಟರಲ್ಲಿ ಅವರ ಪಾಳಿ ಬೇರೆಡೆಗೆ ಹೋಗಿರುತ್ತದೆ. ಆದ್ದರಿಂದ ಎಷ್ಟೋ ಕಡೆ ಈ ಪಾಠದ ಭಾರವನ್ನು ಬ್ಯಾಗ್ ಮಾರುವ ಕಂಪನಿಗಳ ಸಿಬ್ಬಂದಿ ಹೊತ್ತಿದ್ದಾರೆ. ಅವರಲ್ಲಿ ಬಹಳ ಮಂದಿ ಶ್ರದ್ಧೆಯಿಂದ ಮನೆಮನೆಗೆ ಹೋಗಿ ಕಲಿಸುತ್ತಾರೆ, ಅದಕ್ಕೆ ಋಣಿಯಾಗಿರಬೇಕು. ಆದರೆ ಚಿಕಿತ್ಸೆಯ ಅತಿ ಮುಖ್ಯವಾದ ಭಾಗವನ್ನು ಮಾರುವವರ ಕೈಗೆ ಬಿಟ್ಟು ಆಸ್ಪತ್ರೆ ಸುಮ್ಮನಿರುವುದು ಸರಿಯಲ್ಲ.

ವಿರೋಧದ ಮಾತುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಸೋಂಕಿನದು. ನಮ್ಮ ಮನೆಗಳು ಚಿಕ್ಕವು, ಧೂಳಿನವು, ಓದು ಬಾರದವರು ಹೆಚ್ಚು. ಇಂಥ ಕಡೆ ಹೊಟ್ಟೆಗೆ ಕೊಳವೆ ಹಾಕಿ ಕಳಿಸುವುದು ಅಪಾಯ ಎಂದು ವೈದ್ಯರೇ ಹೇಳುವುದುಂಟು. ಹೊಟ್ಟೆಯ ಪೊರೆಗೆ ಸೋಂಕು ತಗುಲುವುದು ನಿಜಕ್ಕೂ ಗಂಭೀರ. ಜೀವಕ್ಕೆ ಕುತ್ತು ತರಬಹುದು. 1976ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಪೊಪೊವಿಚ್ ಮತ್ತು ಮಾನ್‌ಕ್ರಿಫ್ ಎಂಬ ಸಂಶೋಧಕರು ಈ ವಿಧಾನವನ್ನು ಮುಂದಿಟ್ಟ ಕಾಲಕ್ಕೆ ದ್ರಾವಣ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು, ಸೋಂಕು ಪದೇ ಪದೇ ಆಗುತ್ತಿತ್ತು. ಟೊರೊಂಟೊದಲ್ಲಿ ಒರಿಯೊಪೌಲಸ್ ಎಂಬ ವೈದ್ಯರು ಪ್ಲಾಸ್ಟಿಕ್ ಬ್ಯಾಗ್ ತಂದರು. ಆಮೇಲೆ ಇಟಲಿಯಿಂದ ತುಂಬುವ ಮೊದಲು ತೊಳೆಯುವ ಕೊಳವೆ ಬಂತು. ಸೋಂಕು ಬಹಳ ಇಳಿಯಿತು. ಒಬ್ಬ ರೋಗಿಗೆ ವರ್ಷಕ್ಕೆ 0.4ಕ್ಕಿಂತ ಹೆಚ್ಚು ಸಲ ಆಗಬಾರದು, ಅಂದರೆ ಎರಡೂವರೆ ವರ್ಷಕ್ಕೊಮ್ಮೆಗಿಂತ ಹೆಚ್ಚಾಗಬಾರದು ಎಂಬುದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಬ್ರೆಜಿಲ್‌ನಲ್ಲಿ ದೇಶದಾದ್ಯಂತ ನಡೆದ ಅಧ್ಯಯನದಲ್ಲಿ, ಒಟ್ಟು 15 ಗಂಟೆಗಿಂತ ಹೆಚ್ಚು ಹೊತ್ತು ಕಲಿತವರಲ್ಲಿ ಸೋಂಕು ಕಡಿಮೆಯಿತ್ತು. ಹಾಗಾಗಿ ಸೋಂಕಿನ ಭಯವನ್ನು ಕಲಿಸದಿರುವುದಕ್ಕೆ ನೆಪ ಮಾಡಿಕೊಳ್ಳುವುದು ತಲೆಕೆಳಗಾದ ತರ್ಕ; ಆ ಭಯವೇ ಚೆನ್ನಾಗಿ ಕಲಿಸಲು ಕಾರಣವಾಗಬೇಕು. ಓದು ಬಾರದವರಿಗೆ ಚಿತ್ರ, ಬಣ್ಣ, ಕೈಯಲ್ಲಿ ಮಾಡಿ ತೋರಿಸುವ ಪಾಠ ಸಾಕು. ದಿನಪತ್ರಿಕೆಯ ಅಕ್ಷರ ಓದಲು ಬಾರದವರಿಗೂ ಅದು ಮಸುಕಾಗಿದೆಯೋ ಇಲ್ಲವೋ ಎಂಬುದು ಕಾಣುತ್ತದೆ. ಇಡೀ ಮನೆ ಆಸ್ಪತ್ರೆಯ ಹಾಗೆ ಇರಬೇಕಿಲ್ಲ, ಅರ್ಧ ಗಂಟೆಯ ಮಟ್ಟಿಗೆ ಒಂದು ಶುಚಿಯಾದ ಮೂಲೆ ಸಾಕು.

ಎರಡನೆಯ ಆಕ್ಷೇಪಕ್ಕೆ ಉತ್ತರ ಅಷ್ಟು ಸುಲಭವಲ್ಲ. ಮನೆಯ ಡಯಾಲಿಸಿಸ್ ಎಂದರೆ ಕೊನೆಗೆ ಹೆಂಡತಿಯೋ ತಾಯಿಯೋ ಸೊಸೆಯೋ ಮಾಡಬೇಕಾದ ಇನ್ನೊಂದು ಕೆಲಸ ಎಂದಾಗಬಹುದು. ತಿಂಗಳಿಗೆ ನೂರಕ್ಕೂ ಹೆಚ್ಚು ಬ್ಯಾಗ್ ಬರುತ್ತವೆ, ಒಂದೊಂದೂ ಎರಡು ಕಿಲೊಗಿಂತ ಭಾರ. ಎರಡು ಕೋಣೆಯ ಮನೆಯಲ್ಲಿ ಆ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿಡುವುದೇ ಒಂದು ಪಾಡು. ದಿನಕ್ಕೆ ನಾಲ್ಕು ಸಲ, ರಜೆಯಿಲ್ಲದೆ, ವರ್ಷಗಟ್ಟಲೆ ಮಾಡಿದರೆ ಎಂಥವರೂ ದಣಿಯುತ್ತಾರೆ. ಇದನ್ನು ಮುಚ್ಚಿಟ್ಟು ಪ್ರಚಾರ ಮಾಡುವುದು ಮೋಸವಾದೀತು. ಕೈ ಕಣ್ಣು ಸರಿಯಿರುವ ರೋಗಿಗೇ ಮೊದಲು ಕಲಿಸಬೇಕು, ಮನೆಯವರು ಎರಡನೆಯವರಾಗಿ ಕಲಿಯಬೇಕು; ಗಂಡು ರೋಗಿ ಬಂದೊಡನೆ ಹೆಂಡತಿಯನ್ನು ಮುಂದೆ ಕೂರಿಸುವ ರೂಢಿ ಹೋಗಬೇಕು. ಫ್ರಾನ್ಸ್‌ನಲ್ಲಿ ವಯಸ್ಸಾದವರ ಮನೆಗೆ ನರ್ಸುಗಳೇ ಹೋಗಿ ಬ್ಯಾಗ್ ಬದಲಿಸುವ ವ್ಯವಸ್ಥೆ ದಶಕಗಳಿಂದ ಇದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸುಗಳಿಗೆ ಇದನ್ನು ಕಲಿಸಿ, ತಿಂಗಳಿಗೊಮ್ಮೆ ಮನೆಗೆ ಹೋಗಿ ನೋಡುವಂತೆ ಮಾಡಿದರೂ ಮನೆಯವರ ಭಾರ ಎಷ್ಟೋ ಇಳಿಯುತ್ತದೆ. ಊಟದ ಪಾಠವೂ ಆಗಲೇ ಆಗುತ್ತದೆ. ಕಿಡ್ನಿಗೆ ಒಳ್ಳೆಯದೆಂದು ನೆಂಟರು ತಂದುಕೊಡುವ ಎಳನೀರು, ಅದರ ಪೊಟ್ಯಾಶಿಯಂನಿಂದಾಗಿ, ಯಂತ್ರದ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಹೃದಯವನ್ನೇ ನಿಲ್ಲಿಸಬಹುದು. ಹೊಟ್ಟೆಯ ಡಯಾಲಿಸಿಸ್‌ನವರಿಗೆ ಪೊಟ್ಯಾಶಿಯಂ ಕಟ್ಟುಪಾಡು ಸಾಮಾನ್ಯವಾಗಿ ಅಷ್ಟು ಬಿಗಿಯಲ್ಲ, ಆದರೆ ದಿನವೂ ಪ್ರೋಟೀನ್ ಹರಿದುಹೋಗುವುದರಿಂದ ಮೊಟ್ಟೆ, ಮೀನು, ಬೇಳೆಯಂಥವು ಹೆಚ್ಚು ಬೇಕು. ದ್ರಾವಣದ ಸಕ್ಕರೆ ಮೈಗೆ ಸೇರುವುದರಿಂದ ಮಧುಮೇಹಿಗಳು ಇನ್ನಷ್ಟು ಎಚ್ಚರದಲ್ಲಿರಬೇಕು.

ಹಾಗಾದರೆ ಎಲ್ಲರಿಗೂ ಇದೇ ಎಂದು ಸರ್ಕಾರ ಆಜ್ಞೆ ಮಾಡಬೇಕೇ? ಹಾಂಗ್‌ಕಾಂಗ್ 1985ರಿಂದ ಹೊಟ್ಟೆಯ ಡಯಾಲಿಸಿಸ್ ಮೊದಲು ಎಂಬ ನೀತಿ ಇಟ್ಟುಕೊಂಡು, ಬಹುಪಾಲು ರೋಗಿಗಳನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಂಡಿದೆ. ಥಾಯ್ಲೆಂಡ್ 2008ರಲ್ಲಿ ಅದೇ ದಾರಿ ಹಿಡಿಯಿತು. 2022ರಲ್ಲಿ ಆಯ್ಕೆಯನ್ನು ರೋಗಿಗಳಿಗೆ ಬಿಟ್ಟುಕೊಟ್ಟಾಗ ದೊಡ್ಡ ಸಂಖ್ಯೆಯಲ್ಲಿ ಜನ ಯಂತ್ರದ ಕಡೆಗೆ ಹೊರಳಿದರು. ಬಲವಂತದಿಂದ ಬಂದವರು ಬಾಗಿಲು ತೆರೆದ ಕೂಡಲೇ ಹೊರಡುತ್ತಾರೆ. ಹಿಂದೆ ಹೊಟ್ಟೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ, ಹರ್ನಿಯಾ ಇರುವವರಿಗೆ, ಮನೆಯಲ್ಲಿ ಯಾರೂ ಇಲ್ಲದೆ ಕಣ್ಣೂ ಮಂದವಾದವರಿಗೆ ಆಸ್ಪತ್ರೆಯ ಡಯಾಲಿಸಿಸ್ಸೇ ಮೇಲು. ಒಟ್ಟಾರೆ ಆಯುಸ್ಸಿನಲ್ಲಿ ಎರಡು ವಿಧಾನಕ್ಕೂ ಹೆಚ್ಚು ವ್ಯತ್ಯಾಸ ಕಾಣದಿರುವಾಗ, ಬದುಕಿನ ರೀತಿಗೆ ಯಾವುದು ಹೊಂದುತ್ತದೆ ಎಂದು ತೀರ್ಮಾನಿಸಬೇಕಾದವರು ರೋಗಿಯೇ. ಆ ತೀರ್ಮಾನಕ್ಕೆ ತಿಳಿವಳಿಕೆ ಬೇಕು. ತಿಳಿವಳಿಕೆಗೆ ದುಡ್ಡು ಕೊಟ್ಟರಷ್ಟೇ ಸಾಲದು ಎಂಬುದಕ್ಕೂ ಅಮೆರಿಕದಲ್ಲೇ ಪಾಠವಿದೆ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2010ರಿಂದ ಕಿಡ್ನಿ ಕ್ಷೀಣಿಸಿದವರ ಆರು ತರಗತಿಗಳಿಗೆ ಹಣ ಕೊಡುತ್ತದೆ. ಆದರೆ ವೈದ್ಯರು ಮತ್ತು ಕೆಲವು ಉನ್ನತ ಪದವಿಯವರು ಕಲಿಸಿದರೆ ಮಾತ್ರ ಹಣ ಸಲ್ಲುತ್ತದೆ, ಸಾಮಾನ್ಯ ನರ್ಸ್ ಕಲಿಸಿದರೆ ಇಲ್ಲ. ತರಗತಿಗೆ ಬಂದವರು ಬೆರಳೆಣಿಕೆಯಷ್ಟು.

ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೆ 2019ರಲ್ಲಿ ಹೊಟ್ಟೆಯ ಡಯಾಲಿಸಿಸ್ಸಿನ ಮಾರ್ಗಸೂಚಿಯೂ ಸೇರಿದೆ. ಪಕ್ಕದ ಕೇರಳ ಸರ್ಕಾರ ಇದನ್ನು ಜಿಲ್ಲೆಗಳಲ್ಲಿ ಉಚಿತವಾಗಿ ನಡೆಸುತ್ತಿದೆ. ಕರ್ನಾಟಕಕ್ಕೆ ಈಗ ಬೇಕಾದದ್ದು ದೊಡ್ಡ ಕಟ್ಟಡವಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಕೈತೊಳೆಯುವ ತೊಟ್ಟಿಯಿರುವ ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ, ಅಭ್ಯಾಸಕ್ಕೆ ಕೊಳವೆ ಹೊಲಿದ ಒಂದು ಏಪ್ರನ್, ಕನ್ನಡದಲ್ಲಿ ಚಿತ್ರಗಳಿರುವ ಪಾಠ, ಕಲಿಸಲು ತರಬೇತಿ ಪಡೆದ ಇಬ್ಬರು ನರ್ಸುಗಳು. ಅವರನ್ನು ಮೂರು ವರ್ಷ ಬೇರೆ ವಾರ್ಡಿಗೆ ಕಳಿಸಬಾರದು, ಮಧ್ಯರಾತ್ರಿ ನೀರು ಮಸುಕಾದರೆ ಕರೆ ಮಾಡಲು ಅವರ ಕೈಯಲ್ಲಿ ಒಂದು ಫೋನಿರಬೇಕು. ಇನ್ನು ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕ್ರಿಯಾಟಿನೈನ್ ಏರುತ್ತಿದೆ ಎಂದು ವೈದ್ಯರು ಹೇಳಿದ್ದರೆ, ಮುಂದಿನ ಭೇಟಿಯಲ್ಲಿ ಎರಡು ಪ್ರಶ್ನೆ ಕೇಳಿ: ಮನೆಯಲ್ಲಿ ಮಾಡಿಕೊಳ್ಳುವ ಡಯಾಲಿಸಿಸ್ ನಮಗೆ ಆಗುತ್ತದೆಯೇ, ಅದನ್ನು ಇಲ್ಲಿ ಯಾರು ಕಲಿಸುತ್ತಾರೆ? ಈಗಾಗಲೇ ಮನೆಯಲ್ಲಿ ಮಾಡಿಕೊಳ್ಳುತ್ತಿರುವ ಒಬ್ಬರ ಜೊತೆ ಮಾತಾಡಿಸಿ ಎಂದೂ ಕೇಳಿ.